ಕೂಗಿದ್ದು ಒಬ್ಬರು, ಓಗೊಟ್ಟಿದ್ದು ನಾಡೆಲ್ಲ

2019ರ ಡಿಸೆಂಬರ್ 5ಕ್ಕೆ ರಾಜ್ಯದ 15 ವಿಧಾನಸಭಾ ಕ್ಷೇತ್ರಗಳಲ್ಲಿ ಉಪಚುನಾವಣೆ ಇತ್ತು. ಬೆಳಗಾವಿ ಜಿಲ್ಲೆಯ ಕಾಗವಾಡ ಅವುಗಳಲ್ಲೊಂದು. ಅಂದಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಅಲ್ಲಿಗೆ ಪ್ರಚಾರಕ್ಕೆ ಹೋಗಿದ್ದರು. ಮೈಕಿನ ಮುಂದೆ ಅವರ ಮಾತು ಏರುತ್ತಿದ್ದ ಹಾಗೆ, ಕೆಳಗೆ ಜನರ ನಡುವಿನಿಂದ ಒಬ್ಬರು ಎದೆ ತುಂಬಿ ಕೂಗಿದರು: ‘ಹೌದು ಹುಲಿಯಾ!’

ಕೂಗಿದವರು ನಾಯಕರಲ್ಲ, ನಟರಲ್ಲ. ಸಭೆಗೆ ಬಂದಿದ್ದ ಒಬ್ಬ ಅಭಿಮಾನಿ, ಅಷ್ಟೆ. ಆ ಮಾತನ್ನು ಯಾರೂ ಬರೆದುಕೊಟ್ಟಿರಲಿಲ್ಲ, ಯಾರೂ ತಾಲೀಮು ಮಾಡಿಸಿರಲಿಲ್ಲ. ಮೆಚ್ಚಿದವರನ್ನು ಹುಲಿ ಎಂದು ಕರೆಯುವುದು ಆ ಸೀಮೆಯ ಸಲುಗೆ. ಒಳ್ಳೆಯ ಪಟ್ಟು ಹಾಕಿದ ಪೈಲವಾನನಿಗೂ, ಒಳ್ಳೆಯ ಪದ ಹೇಳಿದ ಹಾಡುಗಾರನಿಗೂ ಸಲ್ಲುವ ಮಾತು ಅದು. ಅಲ್ಲಿಯವರ ಪಾಲಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಹೊಸದೆನಿಸಿದ್ದು ಉಳಿದ ಕರ್ನಾಟಕಕ್ಕೆ. ಕೆಲವೇ ಸೆಕೆಂಡುಗಳ ಆ ತುಣುಕು ಮೊದಲು ವಾಟ್ಸ್‌ಆ್ಯಪ್‌ನಲ್ಲಿ, ಆಮೇಲೆ ಟಿಕ್‌ಟಾಕ್‌ನಲ್ಲಿ, ಅದರ ಹಿಂದೆಯೇ ಟಿವಿ ಚಾನೆಲ್‌ಗಳಲ್ಲಿ ಹರಿಯಿತು. ಕೂಗಿದವರನ್ನು ಹುಡುಕಿಕೊಂಡು ಕ್ಯಾಮೆರಾಗಳು ಊರಿಗೇ ಹೋದವು. ಮದುವೆ ಮಂಟಪದಲ್ಲಿ ತಾಳಿ ಕಟ್ಟಿದಾಗ, ಗಲ್ಲಿ ಕ್ರಿಕೆಟ್‌ನಲ್ಲಿ ಸಿಕ್ಸರ್ ಬಿದ್ದಾಗ, ಕಾಲೇಜಿನಲ್ಲಿ ಸೀನಿಯರ್ ವೇದಿಕೆ ಹತ್ತಿದಾಗ ಅದೇ ಕೂಗು.

ಡಿಸೆಂಬರ್ 9ಕ್ಕೆ ಫಲಿತಾಂಶ ಬಂತು. 15ರಲ್ಲಿ 12 ಬಿಜೆಪಿಗೆ. ಕಾಗವಾಡ ಅದರಲ್ಲಿತ್ತು, ಚಿಂತಾಮಣಿ ಕಡೆಯ ನಮ್ಮ ಮಗ್ಗುಲಿನ ಚಿಕ್ಕಬಳ್ಳಾಪುರವೂ ಇತ್ತು. ಆ ಚುನಾವಣೆಯ ಭಾಷಣಗಳೆಲ್ಲ ಮರೆತುಹೋದವು. ಕೆಳಗಿನಿಂದ ಬಂದ ಎರಡು ಪದ ಮಾತ್ರ ಉಳಿದುಕೊಂಡವು. ಸಿದ್ದರಾಮಯ್ಯನವರ ಅಭಿಮಾನಿಗಳಿಗೆ ಅದು ಅವರ ಬಿರುದೇ ಆಯಿತು.

ಇಷ್ಟು ದೂರ ಒಂದು ಮಾತು ಹೇಗೆ ನಡೆದು ಬರುತ್ತದೆ ಎಂಬುದನ್ನು ನೋಡಬೇಕಾದರೆ ಕೆಂಚಾರ್ಲಹಳ್ಳಿಯಂಥ ಊರಿಗೆ ಬರಬೇಕು. ಚಿಂತಾಮಣಿ ತಾಲ್ಲೂಕಿನ ಈ ಊರಿಗೂ ಕಾಗವಾಡಕ್ಕೂ ನಡುವೆ ಇಡೀ ಕರ್ನಾಟಕವೇ ಅಡ್ಡ ಮಲಗಿದೆ. ಕಾಗವಾಡದ ಬೆನ್ನಿಗೆ ಮಹಾರಾಷ್ಟ್ರ, ನಮ್ಮ ಬೆನ್ನಿಗೆ ಆಂಧ್ರ. ಅವರ ಕನ್ನಡಕ್ಕೆ ಮರಾಠಿಯ ಸೋಂಕಿದೆ, ನಮ್ಮ ಕನ್ನಡಕ್ಕೆ ತೆಲುಗಿನದು. ಇಲ್ಲಿ ಎಷ್ಟೋ ಮನೆಗಳಲ್ಲಿ ಅವ್ವನ ಜೊತೆ ತೆಲುಗು, ಮೇಷ್ಟ್ರ ಜೊತೆ ಕನ್ನಡ, ಸಂತೆಯಲ್ಲಿ ಎರಡೂ. ಉತ್ತರ ಕರ್ನಾಟಕದ ಮಾತನ್ನು ಸಿನಿಮಾದಲ್ಲಿ ಬಿಟ್ಟರೆ ಕಿವಿಯಾರೆ ಕೇಳಿದವರು ಕಡಿಮೆ. ಅಂಥ ಊರಲ್ಲಿ ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತರೆ ಈ ಥರದ ಮಾತು ಕೇಳಿಸುತ್ತದೆ.

‘ಏಮನ್ನಾ, ಬಾಕ್ಸು ಎಂತ?’

‘ವೆಯ್ಯಿ ದಾಟಿಂದಿ ರಾ.’

‘ಹೌದು ಹುಲಿಯಾ!’

ಕೇಳಿದ ಹುಡುಗ ಬೈಕಿನಿಂದ ಇಳಿದೇ ಇರುವುದಿಲ್ಲ. ಹೇಳಿದವನು ಟೊಮೆಟೊ ಲೋಡು ಹಾಕಿ ಮಂಡಿಯಿಂದ ವಾಪಸು ಬಂದ ರೈತ. ಬಾಕ್ಸು ಎಷ್ಟಣ್ಣಾ ಎಂದು ತೆಲುಗಿನಲ್ಲಿ ಪ್ರಶ್ನೆ, ಸಾವಿರ ದಾಟಿತು ಎಂದು ತೆಲುಗಿನಲ್ಲಿ ಉತ್ತರ, ಬೆಳಗಾವಿ ಕನ್ನಡದಲ್ಲಿ ಮೆಚ್ಚುಗೆ. ಮೂವತ್ತು ಸೆಕೆಂಡಿನ ಈ ಮಾತುಕತೆಯಲ್ಲಿ ಯಾರೂ ತಡವರಿಸಲಿಲ್ಲ, ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸು 2000 ರೂಪಾಯಿ ದಾಟಿದಾಗ ಈ ಸೀಮೆಯ ಮೊಬೈಲುಗಳಿಗೆ ಬೇರೆ ಕೆಲಸವೇ ಇರಲಿಲ್ಲ. ವರ್ಷಗಟ್ಟಲೆ ಬೀದಿಗೆ ಸುರಿದ ಬೆಳೆಗೆ ಒಂದು ಸಲ ಬೆಲೆ ಬಂದಾಗ ಮನುಷ್ಯನಿಗೆ ಏನು ಕೂಗಬೇಕು ಅನಿಸುತ್ತದೋ, ಅದಕ್ಕೆ ತಕ್ಕ ಮಾತು ನಮ್ಮ ತೆಲುಗಿನಲ್ಲೂ ಇತ್ತು, ನಮ್ಮ ಕನ್ನಡದಲ್ಲೂ ಇತ್ತು. ಆದರೂ ಬಾಯಿಗೆ ಬಂದದ್ದು ಕಾಗವಾಡದ್ದು.

ಇದನ್ನು ಬರೀ ಮೊಬೈಲಿನ ಮಹಿಮೆ ಎಂದು ಬಿಡಲು ನನಗೆ ಮನಸ್ಸಿಲ್ಲ. ಮೊಬೈಲಿನ ಪಾಲು ಇದೆ, ಅದನ್ನು ಹೇಳಿಬಿಡುತ್ತೇನೆ. 2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಬಂತು, ಡೇಟಾ ಬೆಲೆ ಇಳಿಯಿತು, ರೇಷ್ಮೆ ಹುಳು ಸಾಕುವ ಮನೆಗೂ ವಿಡಿಯೊ ತಲುಪಿತು. ಟಿಕ್‌ಟಾಕ್ ಬಂದ ಮೇಲೆ ಇನ್ನೊಬ್ಬರ ದನಿಗೆ ತುಟಿ ಆಡಿಸುವುದು ಆಟವಾಯಿತು. 2020ರ ಜೂನ್ 29ಕ್ಕೆ ಕೇಂದ್ರ ಸರ್ಕಾರ ಇತರ 58 ಚೀನೀ ಆ್ಯಪ್‌ಗಳ ಜೊತೆ ಅದನ್ನು ನಿಷೇಧಿಸಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂನ ರೀಲ್ಸ್ ಬಂದು ಅದೇ ಆಟ ಮುಂದುವರಿಯಿತು. ಟ್ರೋಲ್ ಹೈಕ್ಳು, ಟ್ರೋಲ್ ಮಗಾ ಥರದ ಪೇಜುಗಳು ಅಷ್ಟರಲ್ಲಾಗಲೇ ಊರೂರಿನ ತುಣುಕುಗಳನ್ನು ಹೆಕ್ಕಿ ಹಂಚುತ್ತಿದ್ದವು. ಇದಿಷ್ಟು ರಸ್ತೆಯ ಮಾತು. ಆದರೆ ಆ ರಸ್ತೆಯಲ್ಲಿ ದಿನಕ್ಕೆ ಸಾವಿರ ತುಣುಕು ಹೋಗುತ್ತವೆ. ನಿಂತುಕೊಳ್ಳುವುದು ಒಂದೋ ಎರಡೋ. ನಿಲ್ಲುವವು ಯಾವುವು?

ಕನ್ನಡದಲ್ಲಿ ನಿಂತವನ್ನು ಸಾಲಾಗಿ ಇಟ್ಟು ಬಾಯಿಬಿಟ್ಟು ಹೇಳಿ ನೋಡಿ. ಹೌದು ಹುಲಿಯಾ. ನಿಖಿಲ್ ಎಲ್ಲಿದ್ದೀಯಪ್ಪಾ. ಬೆಳ್ಳುಳ್ಳಿ ಕಬಾಬ್ ಮಾಡಿ ತೋರಿಸಿದ ಅಡುಗೆಯವರ ರಾಹುಲ್ಲಾ. ಈ ಸಲ ಕಪ್ ನಮ್ದೇ. ಯಾವುದೂ ವಿಷಯ ತಿಳಿಸುವ ವಾಕ್ಯವಲ್ಲ. ಒಂದೋ ಯಾರನ್ನಾದರೂ ಕರೆಯುತ್ತವೆ, ಇಲ್ಲವೇ ಯಾರಿಗೋ ಓಗೊಡುತ್ತವೆ. ಎಲ್ಲವೂ ದೀರ್ಘದಲ್ಲಿ ಮುಗಿಯುತ್ತವೆ. ಯಾ, ಪ್ಪಾ, ಲ್ಲಾ, ದೇ: ಉಸಿರು ಇರುವಷ್ಟು ಹೊತ್ತು ಎಳೆಯಬಹುದು. ಹೊಲದ ಆ ಬದುವಿನಲ್ಲಿ ಇರುವವನನ್ನು ಈ ಬದುವಿನಿಂದ ಕರೆಯುವಾಗ ನಾವು ಮಾಡುವುದೂ ಇದನ್ನೇ. ಹೆಸರಿನ ಕೊನೆಯ ಅಕ್ಷರವನ್ನು ಗಾಳಿಗೆ ಬಿಟ್ಟು ಎಳೆಯುತ್ತೇವೆ. ಒಬ್ಬ ಎಳೆದರೆ ಇನ್ನೊಬ್ಬ ಸೇರಿಕೊಳ್ಳಲು ಜಾಗ ಸಿಗುತ್ತದೆ. ಮೀಮ್ ಆಗಿ ನಿಲ್ಲುವ ಮಾತಿಗೆ ಈ ಜಾಗ ಬೇಕು ಎಂದು ನನ್ನ ನಂಬಿಕೆ. ಬುದ್ಧಿವಂತ ಮಾತಿಗೆ ನಗುತ್ತೇವೆ, ಶೇರ್ ಮಾಡುತ್ತೇವೆ, ಮರೆಯುತ್ತೇವೆ. ಕೂಗಿಗೆ ಮಾತ್ರ ದನಿಗೂಡಿಸುತ್ತೇವೆ.

ದನಿಗೂಡಿಸುವುದು ನಮಗೆ ಹೊಸದೂ ಅಲ್ಲ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವವರು ಒಬ್ಬರು ಇರಲೇಬೇಕಿತ್ತು. ಹೂಂ ಅನ್ನುವ ದನಿ ನಿಂತರೆ ಅಜ್ಜಿಯ ಕಥೆಯೂ ನಿಂತು, ‘ನಿದ್ದೆ ಬಂತೇನೋ’ ಎಂಬ ಪ್ರಶ್ನೆ ಬರುತ್ತಿತ್ತು. ಈ ಗಡಿ ಸೀಮೆಗೆ ಪರಿಚಿತವಾದ ಬುರ್ರಕಥೆಯಲ್ಲಿ ಮುಖ್ಯ ಕಥೆಗಾರ ಒಬ್ಬ, ಪಕ್ಕದಲ್ಲಿ ಇಬ್ಬರು. ಅವರಲ್ಲಿ ಒಬ್ಬ ಹಾಸ್ಯ ಮಾಡಬೇಕು, ಇನ್ನೊಬ್ಬ ಊರಿನ, ರಾಜಕೀಯದ ಮಾತು ಸೇರಿಸಬೇಕು. ಪ್ರತಿ ಸಾಲಿಗೂ ಅವರ ಓಗೊಡುವಿಕೆ ಇಲ್ಲದಿದ್ದರೆ ಕಥೆ ಮೇಲೇಳುವುದೇ ಇಲ್ಲ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. ಇದೇ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುತ್ತಿದ್ದ ನಾರಾಯಣಪ್ಪ ಯೋಗಿ ನಾರೇಯಣರಾದರು, ಊರವರ ಬಾಯಲ್ಲಿ ತಾತಯ್ಯನಾದರು. ತೆಲುಗಿನಲ್ಲೂ ಕನ್ನಡದಲ್ಲೂ ಕೀರ್ತನೆ ಕಟ್ಟಿದರು. ಅವರ ಕೀರ್ತನೆಗಳನ್ನು ಇವತ್ತು ಭಜನೆ ಮನೆಗಳಲ್ಲಿ ಹಾಡುವವರಿಗೆ ಎರಡೂ ಭಾಷೆಯ ವ್ಯಾಕರಣ ಗೊತ್ತಿರಬೇಕೆಂದಿಲ್ಲ. ರಾಗ ಹಿಡಿದರೆ ಪದ ತಾನೇ ಬರುತ್ತದೆ. ಹೀಗೆ ತಲೆಮಾರುಗಳಿಂದ ಪಕ್ಕದ ಭಾಷೆಯ ಮಾತನ್ನು ಧಾಟಿಯ ಮೂಲಕ ತನ್ನದಾಗಿಸಿಕೊಂಡ ಕಿವಿ ಇದು. ಕಾಗವಾಡದ ಕೂಗು ಬಂದಾಗ ಈ ಕಿವಿ ಅದನ್ನು ಧಾಟಿಯಿಂದಲೇ ಹಿಡಿಯಿತು.

ಕಾಗವಾಡಕ್ಕಿಂತ ಕೆಲವು ತಿಂಗಳು ಹಿಂದಿನ ನಿಖಿಲ್ ಕಥೆ ಬೇರೆ ಪಾಠ ಹೇಳುತ್ತದೆ. 2016ರಲ್ಲಿ ತೆರೆಕಂಡ ‘ಜಾಗ್ವಾರ್’ ನಿಖಿಲ್ ಕುಮಾರಸ್ವಾಮಿಯವರ ಮೊದಲ ಚಿತ್ರ. ಅದರ ಹಾಡುಗಳ ಬಿಡುಗಡೆ ಸಮಾರಂಭದಲ್ಲಿ ತಂದೆ ಎಚ್.ಡಿ. ಕುಮಾರಸ್ವಾಮಿ ವೇದಿಕೆಯಿಂದ ಮಗನನ್ನು ಕರೆದರು, ಮಗ ಜನರ ನಡುವಿನಿಂದ ಓಗೊಟ್ಟರು. ಮಗನನ್ನು ನಾಡಿಗೆ ಪರಿಚಯಿಸುವ ತಂದೆಯ ಸಂಭ್ರಮ ಅದು. ಆಗ ಅದನ್ನು ಯಾರೂ ಎತ್ತಿ ಆಡಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಆ ತುಣುಕು ಯೂಟ್ಯೂಬಿನಲ್ಲಿ ಸುಮ್ಮನೆ ಬಿದ್ದಿತ್ತು. 2019ರ ಲೋಕಸಭಾ ಚುನಾವಣೆಗೆ ನಿಖಿಲ್ ಮಂಡ್ಯದಿಂದ ನಿಂತರು, ಎದುರಿಗೆ ಸುಮಲತಾ ಅಂಬರೀಶ್. ತಂದೆ ಆಗ ಮುಖ್ಯಮಂತ್ರಿ. ಆಗ ಯಾರೋ ಆ ತುಣುಕನ್ನು ಹೊರಗೆಳೆದರು. ಕರೆ ಅದೇ, ದನಿ ಅದೇ. ಆದರೆ ‘ಎಲ್ಲಿದ್ದೀಯಪ್ಪಾ’ ಎಂಬ ಪ್ರಶ್ನೆಗೆ ಈಗ ಇಡೀ ಮಂಡ್ಯ ಉತ್ತರ ಕೊಡಲು ನಿಂತಿತ್ತು. ಅದು ಜಿಲ್ಲೆಯ ಗಡಿ ದಾಟಿ, ರಾಜ್ಯದ ಗಡಿ ದಾಟಿ ಹೋಯಿತು. ಕನ್ನಡ ಬಾರದವರೂ ಹೇಳಿದರು. ಅದೇ ಹೆಸರಿನಲ್ಲಿ ಸಿನಿಮಾ ಮಾಡುತ್ತೇವೆಂದು ನಿರ್ಮಾಪಕರು ಶೀರ್ಷಿಕೆ ನೋಂದಣಿಗೆ ಓಡಿದರು. ಮೇ 23ಕ್ಕೆ ಸುಮಲತಾ ಗೆದ್ದರು.

ಒಂದು ಮಾತು ಹುಟ್ಟಿದ ದಿನವೇ ಬೆಳೆಯಬೇಕೆಂದಿಲ್ಲ ಎಂಬುದು ಇಲ್ಲಿ ಕಾಣುತ್ತದೆ. ಮಳೆ ಬರುವ ತನಕ ಮಣ್ಣಲ್ಲಿ ಬಿದ್ದಿರುವ ಬಿತ್ತದ ಹಾಗೆ ಅದು ಕಾಯುತ್ತದೆ. ಇನ್ನೊಂದು ವಿಷಯವೂ ಕಾಣುತ್ತದೆ, ಅದು ನನ್ನನ್ನು ಕಾಡುವ ವಿಷಯ. ತಂದೆ ಮಗನನ್ನು ಕರೆದ ದನಿಯಲ್ಲಿ ಪ್ರೀತಿ ಇತ್ತು. ಆ ಪ್ರೀತಿಯೇ ಲಕ್ಷಾಂತರ ಜನಕ್ಕೆ ಗೇಲಿಯ ಸರಕಾಯಿತು. ಮುಖ್ಯಮಂತ್ರಿ ಅಧಿಕಾರದಲ್ಲಿದ್ದರು, ಮಗ ಚುನಾವಣೆಗೆ ನಿಂತಿದ್ದರು; ಪ್ರಜೆಗಳು ನಗುವುದು ಅವರ ಹಕ್ಕು ಎಂದು ಒಪ್ಪುತ್ತೇನೆ. ಅಧಿಕಾರವಿಲ್ಲದವರ ಕಥೆ ಬೇರೆ. ಕಾಗವಾಡದ ಸಭೆಯಲ್ಲಿ ಕೂಗಿದವರು ಒಬ್ಬ ಸಾಮಾನ್ಯ ಮನುಷ್ಯ. ಮೈಕಿನ ಮುಂದೆ ನಿಲ್ಲುವುದು ಅವರ ಕೆಲಸವಾಗಿರಲಿಲ್ಲ. ಆ ಕೂಗನ್ನು ನಾಡೆಲ್ಲ ಪ್ರೀತಿಯಿಂದಲೇ ತೆಗೆದುಕೊಂಡಿತು ಎಂಬುದು ಸಮಾಧಾನ. ಆದರೆ ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಮಾತು ತಪ್ಪಿದ ಮುದುಕಿಯ ತುಣುಕು, ಇಂಗ್ಲಿಷ್ ತೊದಲಿದ ಮೇಷ್ಟ್ರ ತುಣುಕು ನಮ್ಮ ಫೋನುಗಳಿಗೆ ಬಂದಾಗ ಅವರು ಯಾರು, ಅವರ ಮನೆಯಲ್ಲಿ ಇದನ್ನು ಯಾರು ನೋಡುತ್ತಿದ್ದಾರೆ ಎಂದು ಯೋಚಿಸದೆ ಮುಂದಕ್ಕೆ ತಳ್ಳುತ್ತೇವೆ. 2018ರಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಹಾಕಿದ್ದು ಗಾಳಿಸುದ್ದಿಯಿಂದ ಜೀವಗಳು ಹೋದ ಮೇಲೆ. ಗೇಲಿಗೆ ಅಂಥ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು.

ಪೂರ್ವದ ಕಡೆ ತಿರುಗಿದರೆ ಇನ್ನೊಂದು ಮಾತು ಕಾಯುತ್ತಿದೆ, ಅದು ಕೆಂಚಾರ್ಲಹಳ್ಳಿಗೆ ಕಾಗವಾಡಕ್ಕಿಂತ ಎಷ್ಟೋ ಹತ್ತಿರದ್ದು. 2021ರ ಡಿಸೆಂಬರ್ 17ಕ್ಕೆ ತೆಲುಗು ಚಿತ್ರ ‘ಪುಷ್ಪ’ ಬಿಡುಗಡೆಯಾಯಿತು. ಶೇಷಾಚಲದ ಕಾಡಿನ ರಕ್ತಚಂದನದ ಕಥೆ. ನಾಯಕ ಆಡುವುದು ಚಿತ್ತೂರು ಸೀಮೆಯ ತೆಲುಗು. ಗದ್ದದ ಕೆಳಗೆ ಅಂಗೈಯ ಬೆನ್ನನ್ನು ಸವರಿ ‘ತಗ್ಗೇದೇ ಲೇ’, ಬಗ್ಗುವ ಮಾತೇ ಇಲ್ಲ, ಅನ್ನುತ್ತಾನೆ. ದಶಕಗಳ ಕಾಲ ತೆಲುಗು ಸಿನಿಮಾದಲ್ಲಿ ನಾಯಕನ ಬಾಯಿಗೆ ಕರಾವಳಿ ಆಂಧ್ರದ ಭಾಷೆ, ಚಿತ್ತೂರು ಸೀಮೆಯ ಭಾಷೆ ಬಂದರೆ ಖಳನಿಗೋ ಹಾಸ್ಯಗಾರನಿಗೋ. ಮದನಪಲ್ಲಿ, ಚಿತ್ತೂರು ಕಡೆಯ ನೆಂಟರಿರುವ ನಮ್ಮ ತಾಲ್ಲೂಕಿನ ಜನಕ್ಕೆ ಪುಷ್ಪನ ಮಾತು ಕೇಳಿ ಆದದ್ದು ನೆಂಟರ ಮನೆಯ ಹುಡುಗ ತೆರೆ ಮೇಲೆ ಬಂದ ಸಂತೋಷ. ಎದುರಿಗೆ ನಿಂತ ಜಾಲಿ ರೆಡ್ಡಿ ಅರಸೀಕೆರೆಯ ಡಾಲಿ ಧನಂಜಯ, ನಾಯಕಿ ಕೊಡಗಿನ ರಶ್ಮಿಕಾ ಮಂದಣ್ಣ.

ಆ ಮಾತು ಎಲ್ಲಿಗೆ ಹೋಯಿತೆಂದರೆ, ಆಸ್ಟ್ರೇಲಿಯಾದ ಡೇವಿಡ್ ವಾರ್ನರ್ ಇನ್‌ಸ್ಟಾಗ್ರಾಂನಲ್ಲಿ ಗದ್ದ ಸವರಿದರು. 2022ರ ಫೆಬ್ರುವರಿಯಲ್ಲಿ ಶ್ರೀಲಂಕಾ ವಿರುದ್ಧದ ಪಂದ್ಯದಲ್ಲಿ ವಿಕೆಟ್ ಕಿತ್ತ ರವೀಂದ್ರ ಜಡೇಜ ಮೈದಾನದಲ್ಲೇ ಅದನ್ನು ಮಾಡಿದರು. ಆ ಪಾತ್ರಕ್ಕೆ ಅಲ್ಲು ಅರ್ಜುನ್‌ಗೆ ರಾಷ್ಟ್ರಪ್ರಶಸ್ತಿ ಬಂತು. ತೆಲುಗು ನಟರೊಬ್ಬರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಹಿಂದಿಯಲ್ಲಿ ಬೇರೆ ಪದ, ಬೇರೆ ಭಾಷೆಗಳಲ್ಲಿ ಬೇರೆ ಪದ. ಕೈ ಮಾತ್ರ ಎಲ್ಲೆಡೆ ಒಂದೇ. ಇಲ್ಲಿ ಮಾತಿಗೆ ಮೈಯೂ ಸಿಕ್ಕಿತು. ಚಿಂತಾಮಣಿಯ ಸ್ಕೂಲ್ ಡೇಗಳಲ್ಲಿ ಭುಜ ಎತ್ತಿ, ಕಾಲೆಳೆದು ನಡೆಯುವ ಪುಟ್ಟ ಪುಷ್ಪರಾಜರನ್ನು ನೋಡದ ವರ್ಷವಿಲ್ಲ. ಮಾತು ಬಾರದ ಮೂರು ವರ್ಷದ ಮಗುವೂ ಗದ್ದ ಸವರಬಲ್ಲದು.

ಈ ವಿದ್ಯಮಾನ ನಮ್ಮ ಕಡೆಗಷ್ಟೇ ಸೇರಿದ್ದೇನಲ್ಲ. 2007ರ ನವೆಂಬರ್ 10ಕ್ಕೆ ಚಿಲಿಯ ಸ್ಯಾಂಟಿಯಾಗೊ ನಗರದಲ್ಲಿ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷಿಕ ದೇಶಗಳ ಶೃಂಗಸಭೆ. ಸ್ಪೇನಿನ ಪ್ರಧಾನಿ ಝಪಟೇರೊ ಮಾತಾಡುತ್ತಿದ್ದಾಗ ವೆನೆಜುವೆಲಾದ ಅಧ್ಯಕ್ಷ ಹ್ಯೂಗೊ ಚಾವೆಝ್ ಮತ್ತೆ ಮತ್ತೆ ಅಡ್ಡ ಬಾಯಿ ಹಾಕುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಸ್ಪೇನಿನ ದೊರೆ ವಾನ್ ಕಾರ್ಲೋಸ್‌ಗೆ ತಾಳ್ಮೆ ತಪ್ಪಿತು. ‘ಪೊರ್ ಕೆ ನೊ ತೆ ಕಾಯಾಸ್’ ಅಂದುಬಿಟ್ಟರು. ಯಾಕಯ್ಯಾ ಬಾಯಿ ಮುಚ್ಚಿಕೊಂಡಿರಬಾರದು ಎಂಬಷ್ಟು ಸಲುಗೆಯ ಸಿಟ್ಟು. ದೇಶದ ಅಧ್ಯಕ್ಷರಿಗೆ ಇನ್ನೊಂದು ದೇಶದ ದೊರೆ ಏಕವಚನದಲ್ಲಿ ಗದರಿದ್ದು. ಕೆಲವೇ ದಿನಗಳಲ್ಲಿ ಸ್ಪೇನಿನಲ್ಲಿ ಅದು ಫೋನಿನ ರಿಂಗ್‌ಟೋನ್ ಆಯಿತು, ಟೀ ಶರ್ಟ್ ಮೇಲೆ ಬಂತು, ಯೂಟ್ಯೂಬಿನಲ್ಲಿ ಹಾಡಾಯಿತು. ಚಾವೆಝ್ ವಿರೋಧಿಗಳು ವೆನೆಜುವೆಲಾದ ಬೀದಿಗಳಲ್ಲಿ ಅದನ್ನೇ ಘೋಷಣೆ ಮಾಡಿಕೊಂಡರು. ಅದೂ ಎದುರಿನವನನ್ನು ನೇರವಾಗಿ ಕರೆದು ಹೇಳಿದ ಮಾತೇ ನೋಡಿ. ದೊರೆಯ ಲಿಖಿತ ಭಾಷಣಗಳಲ್ಲಿ ಒಂದೂ ಅಷ್ಟು ದೂರ ಹೋಗಲಿಲ್ಲ.

ಐದಾರು ವರ್ಷದ ನಂತರ ಅದೇ ಸ್ಪ್ಯಾನಿಷ್‌ನಲ್ಲಿ ಲಾಮಾ ಎಂಬ ಪ್ರಾಣಿಯ ಫೋಟೊ ಮೇಲೆ ‘ಓಲಾ ಕೆ ಅಸೆ’ ಎಂದು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದ ಮಾತು ಹರಡಿತು. ಹಲೋ, ಏನ್ ಮಾಡ್ತಿದ್ದೀಯಾ ಎಂಬ ದಿನಬಳಕೆಯ ವಿಚಾರಣೆ, ಎಸ್ಸೆಮ್ಮೆಸ್ಸಿನಲ್ಲಿ ಹುಡುಗರು ಗೀಚುವ ಹಾಗೆ. ಅದೂ ಕರೆಯೇ.

ಇನ್ನು ‘ಈ ಸಲ ಕಪ್ ನಮ್ದೇ’. ಇದರ ಬಗ್ಗೆ ಸುಲಭವಾಗಿ ಬರೆಯಲು ನನಗೆ ಆಗುವುದಿಲ್ಲ. ಐಪಿಎಲ್ ಶುರುವಾದದ್ದು 2008ರಲ್ಲಿ. ಆರ್‌ಸಿಬಿ 2009, 2011, 2016ರಲ್ಲಿ ಫೈನಲ್ ತನಕ ಹೋಗಿ ಸೋತಿತು. 2009ರಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ಸೋಲು ಬರೀ 6 ರನ್ನಿಂದ. 2016ರಲ್ಲಿ ಬೆಂಗಳೂರಿನಲ್ಲೇ, ತನ್ನ ಜನರ ಕಣ್ಣೆದುರೇ, 8 ರನ್ನಿಂದ. ಇಂಥ ಸೋಲುಗಳ ನಡುವೆ ಬೇರುಬಿಟ್ಟ ಮಾತು ಅದು. ಪ್ರತಿ ಬೇಸಿಗೆಯಲ್ಲೂ ಹೇಳುವುದು, ಪ್ರತಿ ಮೇ ತಿಂಗಳಲ್ಲೂ ನುಂಗುವುದು. ಚೆನ್ನೈ, ಮುಂಬೈ ತಂಡಗಳ ಬೆಂಬಲಿಗರು ಅದನ್ನೇ ಎತ್ತಿಕೊಂಡು ಅಣಕಿಸಿದರು. ಕನ್ನಡ ಬಾರದವರಿಗೂ ಗೊತ್ತಿರುವ ಒಂದೇ ಕನ್ನಡ ವಾಕ್ಯ ಎಂದರೆ ಅದಾಯಿತು, ಅದೂ ಸೋಲಿನ ಗುರುತಾಗಿ. ಬೇರೆ ಯಾವ ಊರಿನವರಾಗಿದ್ದರೂ ಆ ಮಾತನ್ನು ಕೈಬಿಡುತ್ತಿದ್ದರು. ಇಲ್ಲಿಯವರು ಬಿಡಲಿಲ್ಲ. ಅಣಕಿಸಿದವರ ಮುಂದೆಯೇ ಇನ್ನೂ ಗಟ್ಟಿಯಾಗಿ ಹೇಳಿದರು. ಈ ಹಟವನ್ನು ನಾನು ತುಂಬ ಗೌರವಿಸುತ್ತೇನೆ.

2023ರಲ್ಲಿ ನಾಯಕ ಫಾಫ್ ಡು ಪ್ಲೆಸಿ ಹೇಳಲು ಹೋಗಿ ‘ಈ ಸಲ ಕಪ್ ನಹೀ’ ಅಂದದ್ದು, ಪಕ್ಕದಲ್ಲಿದ್ದ ವಿರಾಟ್ ಕೊಹ್ಲಿ ಬಿದ್ದು ಬಿದ್ದು ನಕ್ಕದ್ದು ಎಲ್ಲರಿಗೂ ನೆನಪಿದೆ. 2024ರ ಮಾರ್ಚ್ 17ರ ರಾತ್ರಿ ದೆಹಲಿಯಲ್ಲಿ ಮಹಿಳೆಯರ ತಂಡ ಡಬ್ಲ್ಯುಪಿಎಲ್ ಕಪ್ ಎತ್ತಿದಾಗ ಸಾಂಗ್ಲಿಯ ಸ್ಮೃತಿ ಮಂದಾನ ಮೈಕಿನಲ್ಲಿ ಹೇಳಿದರು: ಇಷ್ಟು ದಿನ ‘ನಮ್ದೇ’ ಆಗಿತ್ತು, ಈಗ ‘ನಮ್ದು’. ಆಸೆಯ ದೀರ್ಘವನ್ನು ಮೊಟಕು ಮಾಡಿ ಅದನ್ನು ಆಸ್ತಿಯಾಗಿಸಿದ ಆ ಗಳಿಗೆಯನ್ನು ಕನ್ನಡ ಕ್ರೀಡಾ ವರದಿಗಳು ಬರೀ ಗೆಲುವಿನ ಸುದ್ದಿಯಾಗಿ ಮುಗಿಸಬಾರದಿತ್ತು. ಸಾಂಗ್ಲಿ ಕಾಗವಾಡಕ್ಕೆ ಕೂಗಳತೆಯ ಮಹಾರಾಷ್ಟ್ರದ ಊರು. ಕನ್ನಡವನ್ನು ನೆರೆಯವರ ಬಾಯಲ್ಲಿ ಕೇಳುತ್ತಲೇ ಬೆಳೆಯುವ ಸೀಮೆ ಅದು.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್ನಿಂದ ಗಂಡಸರ ತಂಡವೂ ಗೆದ್ದಿತು. ಹದಿನೆಂಟನೆಯ ಸೀಸನ್ನು. ನಮ್ಮ ಹಳ್ಳಿಗಳಲ್ಲೂ ಆ ರಾತ್ರಿ ಪಟಾಕಿ ನಿಲ್ಲಲಿಲ್ಲ. ಮರುದಿನ ವಿಜಯೋತ್ಸವದ ಸುದ್ದಿ ಫೋನಿಂದ ಫೋನಿಗೆ ಹರಿದು ಲಕ್ಷಾಂತರ ಜನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದತ್ತ ಹೊರಟರು. ಗೇಟುಗಳ ಬಳಿ ಕಾಲ್ತುಳಿತವಾಗಿ 11 ಮಂದಿ ತೀರಿಕೊಂಡರು. ಬಹುತೇಕ ಎಳೆಯರು. ಚಿಂತಾಮಣಿ ತಾಲ್ಲೂಕಿನವನೂ ಒಬ್ಬ. ಮೊಬೈಲಿನಲ್ಲಿ ಒಂದು ಮಾತಿಗೆ ಎಷ್ಟು ಕೋಟಿ ಜನ ದನಿಗೂಡಿಸಿದರೂ ಜಾಗ ಸಾಲುತ್ತದೆ. ಒಂದು ಗೇಟಿನಲ್ಲಿ ಸಾಲುವುದಿಲ್ಲ. ಇದು ಸರ್ಕಾರಕ್ಕೆ, ಪೊಲೀಸರಿಗೆ, ಉತ್ಸವ ಮಾಡಿಸುವವರಿಗೆ ಮೊದಲೇ ಹೊಳೆಯಬೇಕಿತ್ತು. ಪರದೆಯ ಮೇಲಿನ ಕೂಗನ್ನು ಹಗುರವಾಗಿ ಎಣಿಸುವ ಅಭ್ಯಾಸ ನಮಗಿದೆ. ಅದಕ್ಕೆ ಜನರನ್ನು ಮನೆಯಿಂದ ಎಬ್ಬಿಸಿ ಬಸ್ಸು ಹತ್ತಿಸುವ ಶಕ್ತಿ ಇದೆ ಎಂದು ಆ ಸಂಜೆಯ ತನಕ ಆಡಳಿತ ಲೆಕ್ಕಕ್ಕೆ ತೆಗೆದುಕೊಂಡಂತಿರಲಿಲ್ಲ. ಆ ಮನೆಗಳಲ್ಲಿ ಇನ್ನು ಮುಂದೆ ಆ ನಾಲ್ಕು ಪದ ಹೇಗೆ ಕೇಳಿಸುತ್ತವೆ ಎಂಬುದನ್ನು ನಾವು ಹೊರಗಿನವರು ಬರೆಯಲಾಗದು.

ಇಷ್ಟೆಲ್ಲ ಹೊತ್ತಿರುವ ಮಾತುಗಳನ್ನು ನಾವು ದಾಖಲೆ ಮಾಡುತ್ತಿದ್ದೇವೆಯೇ? ಸ್ಪ್ಯಾನಿಷ್‌ಗೆ ಫುಂದೇಯು ಎಂಬ ಸಂಸ್ಥೆ ಇದೆ. ಪತ್ರಿಕೆ, ಟಿವಿ, ಜಾಲತಾಣಗಳಲ್ಲಿ ಬಳಕೆಗೆ ಬರುವ ಹೊಸ ಮಾತುಗಳನ್ನು ಗಮನಿಸಿ ಸಲಹೆ ಕೊಡುವುದು ಅದರ ಕೆಲಸ. 2013ರಿಂದ ವರ್ಷಕ್ಕೊಂದು ಪದವನ್ನು ಆರಿಸುತ್ತದೆ. 2019ರಲ್ಲಿ ಎಮೋಜಿಗಳನ್ನೇ ಆರಿಸಿತು. ಕನ್ನಡದಲ್ಲಿ ಈ ಕೆಲಸವನ್ನು ಒಬ್ಬರೇ ಮಾಡಿದರು. ಜಿ. ವೆಂಕಟಸುಬ್ಬಯ್ಯ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವಾರ ವಾರ ಉತ್ತರಿಸಿದರು. ಹಳ್ಳಿಯ ಮಾತು, ಪೇಟೆಯ ಮಾತು ಎಂದು ಮೂಗು ಮುರಿಯಲಿಲ್ಲ. ಆ ಉತ್ತರಗಳು ಸೇರಿ ಸಾಮಾಜಿಕ ನಿಘಂಟೇ ಆಯಿತು. 2021ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ವಯಸ್ಸು 107. ಆ ಅಂಕಣಕ್ಕೆ ಕಾಗವಾಡದ ಕೂಗಿನ ಬಗ್ಗೆ ಯಾರಾದರೂ ಪತ್ರ ಬರೆದಿದ್ದರೆ ಖಂಡಿತ ಉತ್ತರ ಬರುತ್ತಿತ್ತು ಎಂದು ನಾನು ನಂಬಿದ್ದೇನೆ.

ವಿಡಿಯೊ ಇದ್ದೇ ಇರುತ್ತದಲ್ಲ ಎಂದು ಸುಮ್ಮನಿರಲು ಬರುವುದಿಲ್ಲ. ಟಿಕ್‌ಟಾಕ್ ಒಂದೇ ರಾತ್ರಿಯಲ್ಲಿ ನಿಂತಾಗ ಅದರಲ್ಲಿದ್ದ ನಮ್ಮ ಹಳ್ಳಿಗಳ ಎಷ್ಟು ದನಿ ಹೋಯಿತೆಂದು ಲೆಕ್ಕ ಇಟ್ಟವರಿಲ್ಲ. ಚಿಂತಾಮಣಿ, ಶಿಡ್ಲಘಟ್ಟದ ಕಾಲೇಜುಗಳ ಕನ್ನಡ ವಿಭಾಗಗಳು ಈ ಕೆಲಸಕ್ಕೆ ಕೈ ಹಾಕಬೇಕು. ಹಣ ಬೇಡ, ಯೋಜನಾ ವರದಿ ಬೇಡ. ಒಂದು ಫೋನು, ಒಂದು ನೋಟ್‌ಬುಕ್ಕು, ಎರಡೂ ಭಾಷೆ ಬಲ್ಲ ನಾಲ್ಕು ವಿದ್ಯಾರ್ಥಿಗಳು ಸಾಕು. ಯಾವ ಮಾತು, ಮೊದಲು ಎಲ್ಲಿ ಕೇಳಿದ್ದು, ಯಾರು ಯಾರಿಗೆ ಯಾವಾಗ ಹೇಳುತ್ತಾರೆ, ತೆಲುಗಿನ ಮನೆಯಲ್ಲಿ ಹೇಗೆ ತಿರುಗಿದೆ ಎಂದು ಬರೆದಿಡಬೇಕು. ಹೇಳಿದವರ ಒಪ್ಪಿಗೆ ಕೇಳಿ, ಅವರು ಬೇಡವೆಂದರೆ ಹೆಸರು ಬಿಟ್ಟು ಬರೆಯಬೇಕು. ಮೊದಲು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಲಿ. ಅಲ್ಲಿ ಬಾಯಲ್ಲಿ ಕೂಗುತ್ತಿದ್ದ ಹರಾಜು ಈಗ ಇ-ಹರಾಜಾಗಿದೆ. ರೀಲರುಗಳೂ ರೈತರೂ ಗೂಡಿನ ರಾಶಿಯ ಎರಡೂ ಬದಿ ನಿಂತು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕೂಗಾಡುತ್ತಿದ್ದ ಮಾತುಗಳನ್ನು ಬಾಯಿಪಾಠವಾಗಿ ಬಲ್ಲವರು ಇನ್ನೂ ಬೆಳಿಗ್ಗೆ ಬೆಳಿಗ್ಗೆ ಅಲ್ಲಿಗೆ ಬರುತ್ತಾರೆ.